ಖವಾದ ಪಕ್ಕದಲ್ಲಿಟ್ಟ ಹಿಮ

ದಿನಾಂಕದಿಂದಲೇ ಆರಂಭಿಸುತ್ತೇನೆ. ನಾನು ಖಾನಾಪುರಕ್ಕೆ ಹೋದದ್ದು ಗುರುವಾರ ಎಂದು ನೆನಪು ಹೇಳುತ್ತದೆ. ಫೋನಿನಲ್ಲಿ ಉಳಿದಿರುವ ಕರೆಗಳ ಪ್ರಕಾರ ಅದು ಬುಧವಾರ. ಬಸ್ಸಿನ ಚೀಟಿಯೂ ಕೋಟಿನ ಜೇಬಿನಲ್ಲಿ ಸಿಕ್ಕಿತು. ಅದೂ ಬುಧವಾರವೆಂದೇ ಹೇಳುತ್ತದೆ. ಆದ್ದರಿಂದ ಇಲ್ಲಿ ಬುಧವಾರವೆಂದೇ ಬರೆಯುತ್ತೇನೆ.

ಅಂದು ಉಳಿಸಿಕೊಳ್ಳಬೇಕೆಂದು ಹೊರಟಿದ್ದು ನಾಲ್ಕು ತುಂಡು ಹಿಮ. ಪರ್ವತದ ಹಿಮನದಿಯಲ್ಲಿ ವರ್ಷವರ್ಷವೂ ಬಿದ್ದ ಹಿಮ ಒಂದರ ಮೇಲೊಂದು ಕೂತು ಗಟ್ಟಿಯಾಗುತ್ತದೆ. ಮೇಲಿನಿಂದ ತಳದವರೆಗೆ ಅದನ್ನು ಕೊರೆದು ಕಂಬದಂತೆ ಹೊರತೆಗೆದರೆ, ಆಯಾ ವರ್ಷದ ಗಾಳಿ, ಧೂಳು, ಸೆಕೆ, ಮಳೆಯ ಗುರುತು ಪದರ ಪದರವಾಗಿ ಸಿಗುತ್ತದೆ. ನನ್ನ ಸೇವಾವಧಿಯ ಬಹುಭಾಗ ಹಿಮಾಲಯದ ಅಂಥ ಒಂದೇ ಕಂಬವನ್ನು ಓದುವುದರಲ್ಲಿ ಕಳೆಯಿತು. ಅದರ ಕೆಳಭಾಗದಲ್ಲಿ ಮೂರು ದಪ್ಪ ಕಂದು ಪಟ್ಟಿಗಳು ಬೆನ್ನಿಗೆ ಬೆನ್ನು ಹತ್ತಿ ಕೂತಿದ್ದವು. ಮಳೆಗಾಲ ಕೈಕೊಟ್ಟಾಗ ಬಯಲಿನಿಂದ ಎದ್ದು ಅಲ್ಲಿಯವರೆಗೆ ಹಾರಿ ಹೋದ ಮಣ್ಣು ಅದು. ಅದು ಯಾವ ಬರ, ಯಾವ ಶತಮಾನದ್ದು, ಜನ ಬರೆದಿಟ್ಟ ಬರಗಳಲ್ಲಿ ಒಂದೋ ಅಥವಾ ಯಾರೂ ಬರೆಯದೆ ಹೋದದ್ದೋ, ನನಗೆ ತಿಳಿಯಬೇಕಾಗಿತ್ತು.

ಮೇಲಿನಿಂದ ಪದರಗಳನ್ನು ಎಣಿಸುತ್ತ ಇಳಿದರೆ ವರ್ಷ ಸಿಗಬೇಕು. ಸಿಗಲಿಲ್ಲ. ಅರವತ್ತರ ದಶಕದ ಆರಂಭದಲ್ಲಿ ನಡೆದ ಅಣುಬಾಂಬು ಪರೀಕ್ಷೆಗಳ ವಿಕಿರಣಶೀಲ ಧೂಳು ಜಗತ್ತಿನ ಹಿಮದಲ್ಲೆಲ್ಲ ಗುರುತು ಬಿಟ್ಟಿದೆ. ಎಣಿಕೆಯನ್ನು ತಾಳೆ ನೋಡಲು ನಾವು ಮೊದಲು ಹುಡುಕುವುದು ಅದನ್ನೇ. ನಮ್ಮ ಕಂಬದಲ್ಲಿ ಅದು ಇರಲೇ ಇಲ್ಲ. ನಾವು ಕೊರೆಯುವ ಮುಂಚೆಯೇ ಹಿಮನದಿಯ ತಲೆ ಕರಗಿ ದಶಕಗಳಷ್ಟು ಹಿಮ ಹರಿದುಹೋಗಿತ್ತು ಎಂಬುದು ಅದರ ಅರ್ಥ. ಎಷ್ಟು ದಶಕ ಎಂದು ಹೇಳುವವರಿಲ್ಲ. ಎಲ್ಲಿಂದ ಎಣಿಸಬೇಕೆಂದೇ ತಿಳಿಯದ ಮೇಲೆ ಎಣಿಕೆಗೆ ಬೆಲೆಯಿಲ್ಲ. ಉಳಿದ ದಾರಿ ಒಂದೇ: ತಳದ ಹಿಮದಲ್ಲಿ ಸಿಕ್ಕಿಕೊಂಡ ಅತಿ ಸಣ್ಣ ಇಂಗಾಲದ ಕಣಗಳ ವಯಸ್ಸನ್ನು ಅಳೆಯುವುದು. ಅದನ್ನು ಮಾಡಬಲ್ಲ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ವರ್ಷಗಟ್ಟಲೆ ಪತ್ರ ಬರೆದ ಮೇಲೆ ಪರದೇಶದ ಒಂದು ಪ್ರಯೋಗಾಲಯ ಒಪ್ಪಿತು. ದಸರೆಯ ನಂತರದ ಒಂದು ತಾರೀಕಿಗೆ ಕಳುಹಿಸಿ ಎಂದಿತು.

ಆ ಹೊತ್ತಿಗೆ ನಾನು ನಿವೃತ್ತನಾಗಿ ಬೆಳಗಾವಿಯ ಶಿವಬಸವ ನಗರದ ಮನೆಗೆ ಬಂದಿದ್ದೆ. ಉತ್ತರದಲ್ಲಿದ್ದ ನಮ್ಮ ಸಂಸ್ಥೆಯ ಶೀತಕೋಣೆ ಕೆಟ್ಟು, ಹಳೆಯ ಮಾದರಿಗಳನ್ನು ವಿಲೇವಾರಿ ಮಾಡಬೇಕೆಂಬ ಆದೇಶ ಹೊರಟಾಗ, ಆ ಪಟ್ಟಿಗಳಿದ್ದ ತಳದ ನಾಲ್ಕು ತುಂಡುಗಳನ್ನು ಅನುಮತಿ ಪಡೆದು ಡ್ರೈ ಐಸ್ ಪೆಟ್ಟಿಗೆಯಲ್ಲಿ ಇಲ್ಲಿಗೆ ತಂದೆ. ಉದ್ದಕ್ಕೆ ಸೀಳಿ ಸೀಳಿ ಪರೀಕ್ಷೆಗೆ ಕೊಟ್ಟು, ಅವು ತೊಲೆಯ ಚಕ್ಕೆಗಳಂತೆ ಸಣ್ಣಗಾಗಿದ್ದವು. ಅವುಗಳಿಗೆ ಜಾಗ ಸಿಕ್ಕಿದ್ದು ಖಾನಾಪುರದ ಅಂಚಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಸುತ್ತಲಿನ ಹಳ್ಳಿಗಳ ಎಮ್ಮೆ ಹಾಲನ್ನು ಬತ್ತಿಸಿ ಮಾಡಿದ ಖವಾ ಅಲ್ಲಿ ಗಡ್ಡೆಗಟ್ಟಿ ಕಾಯುತ್ತಿತ್ತು, ಬೆಳಗಾವಿಯ ಮಿಠಾಯಿ ಅಂಗಡಿಗಳಲ್ಲಿ ಕುಂದಾ ಆಗುವುದಕ್ಕೆ. ಮಾಲೀಕ ನನ್ನ ಹಳೆಯ ಸಹಪಾಠಿಯ ಮಗ. ಮನೆಮಾತು ಮರಾಠಿ, ನನ್ನೊಡನೆ ಕನ್ನಡ. ಬಾಡಿಗೆಯ ಮಾತೆತ್ತಿದರೆ ಕೈ ಮುಗಿಯುತ್ತಿದ್ದ.

ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ನಮ್ಮ ಕಡೆ ಯಂತ್ರಗಳಿಗೆ ಬಿಡುವು. ತೊಳೆದು, ವಿಭೂತಿ ಬಳಿದು, ಪೂಜೆ ಮಾಡಿ, ಮರುದಿನದವರೆಗೆ ಓಡಿಸುವುದಿಲ್ಲ. ಹಬ್ಬಕ್ಕೆ ಖವಾ ಎಲ್ಲ ಮಾರಿಹೋಗಿ ಕೋಣೆ ಖಾಲಿಯಾಗಿರುವುದರಿಂದ ಕೋಲ್ಡ್ ಸ್ಟೋರೇಜಿನವರು ಕೋಣೆಯನ್ನು ತೊಳೆಯುವುದೂ ಆ ದಿನವೇ. ನನಗೆ ಅದು ಗೊತ್ತಿತ್ತು. ಪೂಜೆ ಯಾವತ್ತು ಎಂದು ಮಾಲೀಕನನ್ನು ಫೋನಿನಲ್ಲಿ ಕೇಳಿದೆ. "ನವಮಿಗೇರಿ ಕಾಕಾ" ಎಂದ. ಆ ಮುಂಜಾನೆ ಬೇಗ ಡ್ರೈ ಐಸ್ ತರುತ್ತೇನೆ, ಅಲ್ಲಿಯವರೆಗೆ ಬಾಗಿಲು ತೆರೆಯಬೇಡ ಎಂದೆ. ಮನೆಯ ಕ್ಯಾಲೆಂಡರ್ ನೋಡಿದೆ, ಪಕ್ಕದ ಮನೆಯದನ್ನೂ ನೋಡಿದೆ, ಪಂಚಾಂಗದಲ್ಲಿ ತಿಥಿಯನ್ನೂ ಪರಿಶೀಲಿಸಿದೆ. ಮೂರೂ ಒಂದೇ ದಿನವನ್ನು ತೋರಿದವು.

ಬುಧವಾರ ಬೆಳಿಗ್ಗೆ ಪೆಟ್ಟಿಗೆಯೊಂದಿಗೆ ಬಸ್ಸಿಳಿದು ಆಟೋ ಹಿಡಿದು ಹೋದರೆ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಆಗಲೇ ಬಾಡಿದ ಚೆಂಡುಹೂವಿನ ಮಾಲೆ.

"ಬರ್ರಿ ಕಾಕಾ, ಕುಂದರ್ರಿ. ಒಂದ್ ದಿನ ತಡಾ ಮಾಡಿದ್ರಿ. ನಾ ಭಾಳ ಹಾದಿ ನೋಡಿ ಬಾಗಲಾ ತಗದೆ. ನಿಮ್ಮ ಪಾಲಿನ ಪ್ರಸಾದ ತಗದಿಟ್ಟೇನಿ."

"ಪೂಜಾ ಇವತ್ತಲ್ಲ?"

"ನಿನ್ನೇನ ಆತಲ್ರಿ. ನವಮಿ ನಿನ್ನೆ."

"ನವಮಿ ಇವತ್ತು."

"ಅದೂ ಖರೇ ಇರಬೇಕ್ರಿ" ಎಂದು ಆತ ಗೋಡೆಯತ್ತ ಕೈ ಮಾಡಿದ. ಅಲ್ಲಿ ಮರಾಠಿ ಕ್ಯಾಲೆಂಡರ್ ತೂಗುತ್ತಿತ್ತು. ಆ ವರ್ಷ ನವಮಿ ತಿಥಿ ಒಂದು ದಿನದ ನಡುವೆ ಶುರುವಾಗಿ ಮರುದಿನದ ನಡುವೆ ಮುಗಿಯುವಂತಿತ್ತು. ನಮ್ಮವರು ಎರಡನೆಯ ದಿನವನ್ನು ಹಿಡಿದಿದ್ದರು, ಅವರು ಮೊದಲನೆಯದನ್ನು. ಎರಡೂ ಶಾಸ್ತ್ರೋಕ್ತ.

"ಹಿಮ ಎಲ್ಲಿ?"

ಉತ್ತರ ಕೊಟ್ಟವರು ಅದಕ್ಕೆ ಹೊಂದಿಕೊಂಡ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ಅವನ ತಾಯಿ. "ದೇವರ ಮುಂದ ಅದರಿ ಸಾಹೇಬ್ರ. ಹಿಮಾಲಯದಿಂದ ಬಂದದ್ದು, ಗಂಗಾನ ತವರಮನಿದು. ಅದನ್ನ ಖವಾದ ಡಬ್ಬಿ ಹಂಗ ಮೂಲ್ಯಾಗ ಒತ್ತಿಟ್ಟು ಬರೇ ಮಶೀನಿಗೆ ಪೂಜಾ ಮಾಡಿದ್ರ ಛೊಲೋ ಕಾಣ್ತದೇನ್ರಿ?"

ಕೋಣೆ ತೊಳೆಯುವಾಗ ತುಂಡುಗಳನ್ನು ಅವನ್ನಿಟ್ಟಿದ್ದ ಪ್ಲಾಸ್ಟಿಕ್ ಕೊಳವೆಗಳಿಂದ ಹೊರತೆಗೆದು ಹಿತ್ತಾಳೆಯ ಅಗಲ ತಟ್ಟೆಯಂಥ ಪರಾತದಲ್ಲಿ ಮಲಗಿಸಿದ್ದರು. ಅರಿಷಿಣ ಕುಂಕುಮ ಏರಿಸಿದ್ದರು, ಆರತಿ ಎತ್ತಿದ್ದರು. ಸಂಜೆಯ ಹೊತ್ತಿಗೆ ಪರಾತ ತುಂಬಿತ್ತು. ಆ ನೀರನ್ನು ತಾಮ್ರದ ಕೊಡಕ್ಕೆ ಸುರಿದು ಬಾಯಿಗೆ ವೀಳ್ಯದೆಲೆ ಮುಚ್ಚಿದ್ದರು.

"ಒಂದ್ ತೊಟ್ಟ ಚೆಲ್ಲಿಲ್ಲ ಕಾಕಾ" ಎಂದ ಮಾಲೀಕ.

"ನಾಲ್ಕೂ ಕೂಡೇ ಸುರದಿಯೇನು?"

"ಹೂಂ ಮತ್ತ. ಎಲ್ಲಾ ಒಂದ ಗುಡ್ಡದ ನೀರಲ್ರಿ? ನೀವು ಮಾರಿ ಯಾಕ ಹಂಗ ಮಾಡ್ತೀರಿ? ಸಂಜೀಕ ಮಶೀನ್ ಚಾಲೂ ಆದಮ್ಯಾಗ ಮತ್ತ ಗಟ್ಟಿ ಮಾಡಿ, ನಾಲ್ಕ ಪಾಲ ಮಾಡಿ ಕೊಡ್ತೇನಿ. ಮೊದಲಿಗಿಂತ ಸ್ವಚ್ಛ ಆಗ್ತದ. ಕಸಾ ಎಲ್ಲಾ ತಳಕ್ಕ ಇಳದದ ನೋಡ್ರಿ."

ನೋಡಿದೆ. ಎಲೆ ಸರಿಸಿ ಕೊಡವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ಮೇಲೆ ತಿಳಿನೀರು. ತಳದಲ್ಲಿ ಒಂದು ಚಮಚೆಯಷ್ಟು ಕಂದು ಕೆಸರು, ಅದರ ಮೇಲೆ ಹಳದಿಯ ತೆಳು ಪೊರೆ. ಮೂರು ಬರಗಾಲಗಳೂ ಅವುಗಳ ನಡುವಿನ ಒಳ್ಳೆಯ ಮಳೆಗಳೂ ಒಂದೇ ಗಸಿಯಾಗಿದ್ದವು. ಇಂಗಾಲವನ್ನು ಈಗಲೂ ಸೋಸಿ ತೆಗೆಯಬಹುದಲ್ಲವೇ ಎಂದು ಮನಸ್ಸು ಒಂದು ಕ್ಷಣ ಲೆಕ್ಕ ಹಾಕಿತು. ಯಾವ ಆಳದ ಇಂಗಾಲ? ಅದಕ್ಕಿಂತ ಸಾವಿರಪಟ್ಟು ಹೆಚ್ಚಾಗಿ ಈ ವರ್ಷದ ಗಿಡದ ಇಂಗಾಲ ಅದರ ಮೇಲೆ ಕೂತಿತ್ತು.

"ಇದ್ರಾಗ ಯಾವ ಕಾಲದ ನೀರ್ ಐತ್ರಿ?" ಎಂದು ಆ ತಾಯಿ ಕುತೂಹಲದಿಂದ ಕೇಳಿದರು.

"ಅದನ್ನ ಕೇಳಾಕ ಪರದೇಶಕ್ಕ ಕಳಸಾವ ಇದ್ದೆ, ಅಕ್ಕಾರ."

"ಕಳಸ್ರಿ ಮತ್ತ."

"ಈಗ ಕಳಸಿದ್ರ ಅವರು ನಿಮ್ಮ ಅರಿಷಿಣದ ವಯಸ್ಸು ಹೇಳ್ತಾರ."

ಆಕೆ ನಕ್ಕರು. ನಾನು ನಗದಿದ್ದುದನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗನಿಗೆ ಅರ್ಥವಾಗುವುದಕ್ಕೆ ಇನ್ನಷ್ಟು ಹೊತ್ತು ಬೇಕಾಯಿತು. ಪದರಗಳ ವಿಷಯವನ್ನು ಹೇಳಿದೆ. ಕ್ರಮ ಹೋದರೆ ಬರೀ ನೀರೇ ಉಳಿಯುತ್ತದೆ ಎಂದೆ. ಆತ ಕೊಡವನ್ನೇ ನೋಡುತ್ತ ನಿಂತ.

"ಇನ್ನೊಂದ್ ಸಲ ತರಾಕ ಬರ್ತದಲ್ರಿ ಕಾಕಾ? ನಂದ ಫ್ರೀಜರ್ ಗಾಡಿ ಐತಿ. ಡ್ರೈವರ್‌ನ ನಾ ಕೊಡ್ತೇನಿ. ಡೀಸೆಲ್ ನಂದು."

ಖಾನಾಪುರದಿಂದ ಖವಾದ ಗಾಡಿಯಲ್ಲಿ ಹಿಮಾಲಯಕ್ಕೆ ಹೋಗಲು ಆತ ನಿಜವಾಗಿಯೂ ಸಿದ್ಧನಿದ್ದ. ಅವನ ಎದುರಿಗೇ, ಈಗಲೂ ಆ ಹಿಮನದಿಗೆ ಹೋಗಿಬರುವ ನನ್ನ ಹಿಂದಿನ ಸಹೋದ್ಯೋಗಿಗೆ ಫೋನ್ ಮಾಡಿದೆ. ನಾವು ಕೊರೆದ ಜಾಗದಲ್ಲಿ ಬೇಸಿಗೆಯಲ್ಲಿ ನೀರು ಕಾಲುವೆಯಾಗಿ ಹರಿಯುತ್ತದೆಂದೂ, ಆ ನೀರು ಬಿರುಕುಗಳಲ್ಲಿ ಇಳಿದು ತಳದವರೆಗೂ ಪದರಗಳನ್ನು ಕಲೆಸಿಬಿಟ್ಟಿದೆಯೆಂದೂ, ಮತ್ತೆ ಕೊರೆಯುವ ಮಾತನ್ನು ಯಾರೂ ಆಡುತ್ತಿಲ್ಲವೆಂದೂ ಹೇಳಿದ. ಕೊಡದಲ್ಲಿ ಆದದ್ದು ಅಲ್ಲಿ ಯಾರ ಪೂಜೆಯೂ ಇಲ್ಲದೆ ಆಗಿತ್ತು. ನಾವು ಈ ನಾಲ್ಕು ಚಕ್ಕೆಗಳನ್ನು ಕೆಲವು ವರ್ಷ ಹೆಚ್ಚು ಕಾಪಾಡಿಕೊಂಡಿದ್ದೆವು, ಅಷ್ಟೇ.

"ಏನಂದ್ರಿ?" ಎಂದ ಮಾಲೀಕ.

"ಬ್ಯಾಡ ಅಂದ."

"ಹಂಗಾರ ಈ ನೀರಿಗೆ ಏನ್ ಮಾಡೂಣ್ರಿ?"

"ನಿಮಗ ತಿಳದದ್ದು ಮಾಡ್ರಿ."

ಪ್ರಸಾದ ತಿಂದು ಬಂದೆ. ತಿನ್ನದೆ ಬಂದಿದ್ದರೆ ಆ ಮನೆಯವರು ಹಬ್ಬದಲ್ಲಿ ಉಣ್ಣುತ್ತಿರಲಿಲ್ಲ.

ಮರುದಿನ ಪ್ರಯೋಗಾಲಯಕ್ಕೆ ಮಾದರಿ ಇಲ್ಲವಾಗಿದೆ ಎಂದು ಬರೆದೆ. ಕಾರಣವನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಲಿಲ್ಲ. ವಿಷಾದವಿದೆ, ನಿಮ್ಮ ಸರದಿಯನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂಬ ಉತ್ತರ ಬಂತು. ಆ ಕಂಬದ ಬಗ್ಗೆ ನಾನೂ ಆ ಸಹೋದ್ಯೋಗಿಯೂ ಬರೆದ ಲೇಖನ ಆಗ ಅಚ್ಚಿಗೆ ಹೋಗುವ ಹಂತದಲ್ಲಿತ್ತು. ಸಹೋದ್ಯೋಗಿ ಮತ್ತೆ ಫೋನ್ ಮಾಡಿ, ಮೂರು ಪಟ್ಟಿಗಳ ಮುಂದೆ ‘ಸುಮಾರು’ ಎಂದು ಸೇರಿಸಿ ಒಂದು ಶತಮಾನವನ್ನು ಬರೆಯೋಣ, ಯಾರೂ ಆಕ್ಷೇಪಿಸಲಾರರು ಎಂದ. ಅದು ನಿಜ, ಆಕ್ಷೇಪಿಸಲು ಇನ್ನು ಯಾರ ಬಳಿಯೂ ಹಿಮವಿಲ್ಲ. ಯಾವ ಎರಡು ವರ್ಷಗಳ ನಡುವಿನ ‘ಸುಮಾರು’ ಎಂದು ಕೇಳಿದೆ.

ಆ ಪಟ್ಟಿಗಳಿದ್ದ ಚಿತ್ರವನ್ನು ಲೇಖನದಿಂದ ತೆಗೆದು, ಉಳಿದ ಚಿತ್ರಗಳ ಕ್ರಮಸಂಖ್ಯೆಯನ್ನು ಸರಿಪಡಿಸಿದೆ.