ಹದಿಮೂರು ದಿನದ ಬೆಲ್ಲ

ಫಕ್ಕೀರವ್ವ, ನಿಮ್ಮ ಮಗಳಿಗೆ ಬೆಲ್ಲ ತಿನ್ನಿಸಿ ಎಂದು ಹೇಳಿದವನು ನಾನು. ಇಷ್ಟು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಬೇರೆ ಇದೆ—ಆ ಮಾತು ಹೇಳುವಾಗ, ಬೆಲ್ಲ ಆ ಕೂಸಿಗೆ ವಿಷವಾಗಬಹುದು ಎಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಕೂಡ ಎಳೆದಿದ್ದೆ.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಸುಮ್ಮನಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು, ಆದ್ದರಿಂದ ಸುಮ್ಮನಿದ್ದೆ. ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಿ ನೋಡಿದ್ದೇನೆ—ಸಿಕ್ಕಿಲ್ಲ.

ಅದು ಎಂಬತ್ತರ ದಶಕ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಬಂದು ಜೀವರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ತಿಂದ ಅನ್ನ ಮೈಯೊಳಗೆ ಹೋಗಿ ಏನೇನಾಗುತ್ತದೆ, ಯಾವ ಹಂತದಲ್ಲಿ ಯಾವ ಕಿಣ್ವ ಕೈಕೊಟ್ಟರೆ ಯಾವ ಕಾಯಿಲೆ ಬರುತ್ತದೆ—ಇದು ನನ್ನ ವಿಷಯ. ನನಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರು ಒಂದು ಯೋಜನೆ ಹಾಕಿದ್ದರು: ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರ ಮನೆಗಳಿಗೆ ಹೋಗುವುದು, ಅವರ ಮಕ್ಕಳ ಮೂತ್ರ ತಂದು ಪರೀಕ್ಷಿಸುವುದು. ರಕ್ತಸಂಬಂಧದ ಮದುವೆಗಳಲ್ಲಿ ಇಂಥ ಹುಟ್ಟುದೋಷಗಳು ಹೆಚ್ಚು. ವಾರಕ್ಕೆ ಎರಡು ದಿನ ಕಲಘಟಗಿ ಬಸ್ಸು ಹಿಡಿಯುತ್ತಿದ್ದೆ, ಅಲ್ಲಿಂದ ದುಮ್ಮವಾಡ. ಬಗಲಲ್ಲಿ ಖಾನೆಗಳಿದ್ದ ಕಟ್ಟಿಗೆಯ ಪೆಟ್ಟಿಗೆ, ಅದರ ತುಂಬ ಸಣ್ಣ ಬಾಟಲಿಗಳು. ಕಂಡಕ್ಟರು ನನ್ನನ್ನು ಕಂಡರೆ ಸಾಕು, "ಉಚ್ಚಿ ಸಾಹೇಬ್ರು ಬಂದ್ರು, ಜಾಗಾ ಬಿಡ್ರಿ" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಜನ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನೀವು ಮಾತ್ರ ನನ್ನನ್ನು ಡಾಕ್ಟರ್ ಎಂದಿರಿ. ನಾನು ಡಾಕ್ಟರ್ ಆಗಿರಲಿಲ್ಲ, ಫಕ್ಕೀರವ್ವ. ಎಂ.ಎಸ್ಸಿ. ಮುಗಿಸಿದ್ದ ಹುಡುಗ, ಅಷ್ಟೇ. ನಿಮ್ಮ ಮಗುವಿಗೆ ಒಂದು ಜ್ವರದ ಗುಳಿಗೆ ಕೊಡುವ ಅಧಿಕಾರವೂ ನನಗಿರಲಿಲ್ಲ. ಆದರೆ ಬಸ್ಸಿನಲ್ಲಿ ಅಷ್ಟು ಉರಿಸಿಕೊಂಡು ಬಂದವನಿಗೆ ನಿಮ್ಮ ಕಟ್ಟೆಯ ಮೇಲೆ ಆ ಶಬ್ದ ಕೇಳಿ ಹಿತವಾಯಿತು. ನಾನು ತಿದ್ದಲಿಲ್ಲ.

ನಿಮ್ಮ ಗಂಡ ಬಸಪ್ಪ ನಿಮ್ಮ ತಾಯಿಯ ತಮ್ಮ. ಹಾಗಾಗಿ ನಿಮ್ಮ ಅತ್ತೆಯೇ ನಿಮ್ಮ ಅಜ್ಜಿ, ನೀವು ಕರೆಯುತ್ತಿದ್ದದ್ದು ಆಯಿ ಎಂದು. ನನ್ನ ನಮೂನೆಯಲ್ಲಿ ತುಂಬಲು ಹೇಳಿ ಮಾಡಿಸಿದಂಥ ಮನೆ. ಕಸ್ತೂರಿಗೆ ಆಗ ಎಂಟು ತಿಂಗಳು. ನಾನು ಬಂದ ಮೊದಲ ದಿನವೇ ನೀವು ಹೇಳಿದಿರಿ:

"ಸೀ ಅಂದ್ರ ಈಕಿ ಮಾರಿ ತಿರುವ್ತಾಳ್ರಿ ಡಾಕ್ಟರ್ರ. ಆಯಿ ಜುಲ್ಮಿ ಮಾಡಿ ಬೆಲ್ಲದ ಗಂಜಿ ಹಾಕಿದ್ರ ಕಾರ್ಕೋತಾಳ, ಬೆವರತಾಳ, ಜೋಲಿ ಬೀಳ್ತಾಳ. ಖಾಲಿ ಗಂಜಿ ಕೊಟ್ರ ಏನೂ ಇಲ್ರಿ."

ಇಪ್ಪತ್ತು ತುಂಬದ ಹೆಣ್ಣುಮಗಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ವರ್ಷಗಟ್ಟಲೆ ಒದ್ದಾಡಿ ಕಂಡುಕೊಂಡದ್ದನ್ನು ನೀವು ಒಂದು ಬಟ್ಟಲು, ಒಂದು ಚಮಚ ಹಿಡಿದು ಕಂಡುಕೊಂಡಿದ್ದಿರಿ. ನಾನು ನನ್ನ ವಹಿಯಲ್ಲಿ ಬರೆದುಕೊಂಡದ್ದು—"ತಾಯಿಗೆ ಸಿಹಿಯ ಬಗ್ಗೆ ತಪ್ಪು ಕಲ್ಪನೆ ಇದೆ." ಆ ವಹಿ ಇನ್ನೂ ನನ್ನ ಹತ್ತಿರ ಇದೆ.

ಅವತ್ತು ಬೆಳಿಗ್ಗೆ ನಿಮ್ಮ ಅತ್ತೆ ಬೆಲ್ಲದ ಗಂಜಿ ಹಾಕಿದ್ದರು. ನಾನು ಒಯ್ದ ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಕಾಯಿಸಿದೆ, ಇಟ್ಟಿಗೆಯ ಕೆಂಪಿಗೆ ತಿರುಗಿತು. ಅಂದರೆ ಯಾವುದೋ ಸಕ್ಕರೆ ಇದೆ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಕಾಣುವ ಸಕ್ಕರೆ ಅದಲ್ಲ. ಇನ್ನೊಂದು ಪರೀಕ್ಷೆ ಮಾಡಿದಾಗ ತಿಳಿಯಿತು, ಅದು ಹಣ್ಣಿನ ಸಕ್ಕರೆ. ಬೆಲ್ಲದ ಅರ್ಧಭಾಗ ಅದೇ. ಅದನ್ನು ಒಡೆದು ಅರಗಿಸುವ ಕಿಣ್ವ ಆ ಮಗುವಿನ ಯಕೃತ್ತಿನಲ್ಲಿ ಹುಟ್ಟಿನಿಂದಲೇ ಇರಲಿಲ್ಲ—ಹೀಗೆಂದು ನನ್ನ ಊಹೆ. ಓಡಿಹೋಗಿ ಪುಸ್ತಕ ತೆಗೆದೆ. ಸಿಹಿ ನಿಲ್ಲಿಸಿದರೆ ಮಗು ಎಲ್ಲ ಮಕ್ಕಳ ಹಾಗೆ ಬೆಳೆಯುತ್ತದೆ, ಬೇರೆ ಔಷಧವೇ ಬೇಡ ಎಂದಿತ್ತು. ಮುಂದುವರಿಸಿದರೆ ಯಕೃತ್ತು ಕೆಡುತ್ತದೆ, ಜೀವಕ್ಕೆ ಅಪಾಯ ಎಂದಿತ್ತು. ಗೆರೆ ಎಳೆದದ್ದು ಈ ಎರಡನೆಯ ಸಾಲಿಗೆ.

ಪ್ರೊಫೆಸರು ನೋಡಿದರು. "ಒಂದ ಬಾಟ್ಲಿ ಅಂದ್ರ ಏನೂ ಅಲ್ಲ. ಮತ್ತೊಮ್ಮೆ ತೋರಸು, ಆಮ್ಯಾಲೆ ಮಾತಾಡೋಣ" ಎಂದರು. ನಮ್ಮ ಕಸುಬಿನ ನಿಯಮವೇ ಅದು. ಒಂದು ಸಲ ಬಂದದ್ದು ಫಲಿತಾಂಶವಲ್ಲ, ಮತ್ತೆ ಬರಬೇಕು. ಒಳ್ಳೆಯ ನಿಯಮ. ತಪ್ಪು ಮಾಡಬಾರದು ಎಂದು ಇರುವ ನಿಯಮ—ಆದರೆ ನಾನು ಅದನ್ನು ಹೇಗೆ ಬಳಸಿಕೊಂಡೆ ನೋಡಿ.

ಮುಂದಿನ ತಿಂಗಳು ನಾನು ಬಂದಾಗ ಕಸ್ತೂರಿ ಕೌದಿಯ ಮೇಲೆ ಕೂತು ಒಂದು ಸಟ್ಟುಗ ಬಡಿಯುತ್ತಿದ್ದಳು. ಗಲ್ಲ ತುಂಬಿತ್ತು. ನೀವು ಅತ್ತೆಯೊಡನೆ ಜಗಳಾಡಿ ಬೆಲ್ಲ ಪೂರ್ತಿ ಬಿಡಿಸಿದ್ದಿರಿ. ನಾನು ಕಟ್ಟೆಯ ಮೇಲೇ ಸ್ಪಿರಿಟ್ ದೀಪ ಹಚ್ಚಿ ಪರೀಕ್ಷೆ ಮಾಡಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಮಗು ನನ್ನ ಕಡೆ ನೋಡಿ ನಗುತ್ತಿತ್ತು, ನನಗೆ ನಿರಾಸೆಯಾಯಿತು. ಈ ವಾಕ್ಯವನ್ನು ಹೇಗಾದರೂ ಮೆತ್ತಗೆ ಮಾಡೋಣವೆಂದು ನಾಲ್ಕು ಸಲ ಹೊಡೆದು ಬರೆದೆ. ಆಗುವುದಿಲ್ಲ. ಮಗು ಚೆನ್ನಾಗಿದ್ದದ್ದಕ್ಕೆ ನನಗೆ ನಿರಾಸೆಯಾಯಿತು.

ಆಗ ನಿಮ್ಮನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಹೇಳಿದೆ:

"ಎಂಟ ದಿನ ದಿನಾ ಬೆಲ್ಲದ ಗಂಜಿ ಹಾಕು ತಂಗೆವ್ವ. ಪರೀಕ್ಷಾಕ್ಕ ಬೇಕು."

"ತ್ರಾಸ ಮಾಡ್ಕೋತಾಳ್ರಿ."

"ಏನೂ ಆಗೂದಿಲ್ಲ. ನಾ ಬರೂತನಕ ಬಿಡಬ್ಯಾಡ."

ಒಳಗಿನಿಂದ ನಿಮ್ಮ ಅತ್ತೆ, "ನಾ ಹೇಳಿದ್ದನ್ನ ಡಾಕ್ಟರ್ ಹೇಳ್ಯಾರ ನೋಡ, ಇನ್ನರ ಕೇಳ್ತೀಯಿಲ್ಲೋ?" ಎಂದರು. ನೀವು ಮಗುವನ್ನು ಎತ್ತಿಕೊಂಡಿರಿ. ಇಡೀ ಮನೆಯಲ್ಲಿ ಸರಿಯಾಗಿದ್ದವರು ನೀವೊಬ್ಬರೇ. ಆ ಸರಿಯಾದದ್ದನ್ನು ನಿಮ್ಮ ಕೈಯಿಂದಲೇ ಬಿಡಿಸಿದೆ.

ಎಂಟನೆಯ ದಿನ ನಾನು ಬರಲಿಲ್ಲ. ಬಸ್ಸು ಕೆಟ್ಟಿರಲಿಲ್ಲ, ಮಳೆ ಇರಲಿಲ್ಲ, ನನಗೆ ಜ್ವರವೂ ಇರಲಿಲ್ಲ. ಬೆಂಗಳೂರಿನಲ್ಲಿ ನಡೆಯಲಿದ್ದ ಒಂದು ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶ ಕಳಿಸಬೇಕಿತ್ತು. ಎರಡನೆಯ ಬಾಟಲಿ ಕೈಗೆ ಬರುವ ಮೊದಲೇ "ಎರಡು ಬಾರಿ ಖಚಿತಪಡಿಸಲಾಗಿದೆ" ಎಂದು ಬರೆದು, ತಿದ್ದಿ, ಟೈಪ್ ಮಾಡಿಸುತ್ತ ಕೂತಿದ್ದೆ. ಒಂದು ಕಾರ್ಡು ಬರೆದು "ನಿಲ್ಲಿಸಿ" ಎನ್ನಬಹುದಿತ್ತು—ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಹೇಗೂ ಹೋಗುತ್ತೇನಲ್ಲ ಎಂದುಕೊಂಡೆ.

ಹದಿಮೂರನೆಯ ದಿನ ಬಂದೆ. ಮಗುವಿನ ಕಣ್ಣು ಅರಿಸಿನ ಹಚ್ಚಿದ ಹಾಗಿತ್ತು. ಹೊಟ್ಟೆ ಉಬ್ಬಿತ್ತು. ಅಳಲೂ ತ್ರಾಣವಿರಲಿಲ್ಲ. ನೀವು ಅಂದಿರಿ: "ನೀವು ಬರೂತನಕ ಬಿಡಬ್ಯಾಡ ಅಂದಿದ್ರಿ. ಕೈ ಹಿಡಕೊಂಡು ಹಾಕೇನ್ರಿ. ಒಂದ ದಿನಾನೂ ಬಿಟ್ಟಿಲ್ಲ."

ನಾನು ಮೊದಲು ಮಾಡಿದ್ದೇನು ಗೊತ್ತೇ? ಬಾಟಲಿ ತುಂಬಿಸಿಕೊಂಡೆ. ಅದಕ್ಕೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತು ಕಾದೆ. ಬಿರಡೆ ಹಾಕಿ, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಹೇಳಿದೆ—ಇನ್ನು ಬೆಲ್ಲ ಕೊಡಬೇಡ, ಹುಬ್ಬಳ್ಳಿಗೆ ಹೋಗೋಣ ನಡಿ ಎಂದು. ಬಸಪ್ಪ ಯಾರದೋ ಟೆಂಪೋ ತಂದರು. ಆಸ್ಪತ್ರೆಯವರಿಗೆ ಸಕ್ಕರೆ ಕೊಡಬೇಡಿ ಎಂದು ಹೇಳಿದೆ, ಯಾಕೆ ಎಂದೂ ಹೇಳಿದೆ. ಯಾರ ಮಾತಿನಿಂದ ಹದಿಮೂರು ದಿನ ಬೆಲ್ಲ ಬಿತ್ತು ಎಂದು ಮಾತ್ರ ಹೇಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಸ್ತೂರಿ ಹೋದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ನೀವು ಕೇಳಿದಿರಿ. ಅಳುತ್ತಿರಲಿಲ್ಲ ಆಗ. ನನ್ನ ಮುಖ ನೋಡಿ, ನೆಟ್ಟಗೆ—

"ಬೆಲ್ಲದಿಂದ ಏನರ ಆತೇನ್ರಿ ಡಾಕ್ಟರ್ರ?"

"ಇಲ್ಲ ತಂಗೆವ್ವ. ಇದು ಕಾಮಣಿ, ಕಣ್ಣು ಹಳದಿ ಆಗೂ ಜಡ್ಡು. ಬೆಲ್ಲಕ್ಕೂ ಇದಕ್ಕೂ ಸಂಬಂಧ ಇಲ್ಲ."

ನೀವು ನನಗಲ್ಲ, ನಿಮಗೆ ನೀವೇ ಎಂಬಂತೆ ಅಂದಿರಿ: "ಹಂಗಾರ ನಾನ ತಪ್ಪು ಮಾಡಿದೆ. ಆಯಿ ಹೇಳಿದಂಗ ಮೊದ್ಲಿಂದ ಕೊಟ್ಟಿದ್ರ ಗಟ್ಟಿ ಆಗ್ತಿತ್ತು ಕೂಸು. ನಾನ ಬಿಡಿಸಿ ಸೊರಗಿಸಿದೆ."

ನಾನು ಅಲ್ಲೇ ಇದ್ದೆ, ಫಕ್ಕೀರವ್ವ. ನಿಮ್ಮಿಂದ ಒಂದು ಮಾರು ದೂರ. ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾಲಿಗೆ ಏಳಲಿಲ್ಲ ಎನ್ನುತ್ತಾರಲ್ಲ, ಹಾಗೇನಲ್ಲ—ಏಳುತ್ತಿತ್ತು, ನಾನೇ ಹಿಡಿದುಕೊಂಡೆ. ಅಂಥ ಮಾತನ್ನು ನಿಮ್ಮ ಎದೆಯೊಳಗೆ ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಆ ಬಾಟಲಿಯ ಮೂತ್ರ ಇಟ್ಟಿಗೆಯ ಕೆಂಪಿಗೆ ತಿರುಗಿತು. ಮತ್ತೊಮ್ಮೆ ತೋರಿಸಿದ್ದಾಯಿತು.

ಪ್ರಬಂಧ ಅಚ್ಚಾಯಿತು. ನಮ್ಮ ಕಡೆಯಿಂದ ಅಂಥ ಮಗುವಿನ ವರದಿ ಅದೇ ಮೊದಲು ಎಂದು ಎಲ್ಲರೂ ಬೆನ್ನು ತಟ್ಟಿದರು. ಅದರಲ್ಲಿ ಕಸ್ತೂರಿ ಎಂಬ ಹೆಸರಿಲ್ಲ. "ಹೆಣ್ಣು ಶಿಶು, ರಕ್ತಸಂಬಂಧದ ದಂಪತಿಗೆ ಜನಿಸಿದ್ದು" ಎಂದಿದೆ. ಮತ್ತು ಒಂದು ವಾಕ್ಯ ಇದೆ, ನಾನೇ ಬರೆದದ್ದು, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುತ್ತೇನೆ, ಕೇಳಿ: "ತಾಯಿಯು ಅರಿವಿಲ್ಲದೆ ಮನೆಯಲ್ಲಿ ಬೆಲ್ಲ ತಿನ್ನಿಸುವುದನ್ನು ಮುಂದುವರಿಸಿದ್ದರಿಂದ ಶಿಶು ಮೃತಪಟ್ಟಿತು." ಅರಿವಿದ್ದವರು ನೀವು. ಮುಂದುವರಿಸಿ ಎಂದವನು ನಾನು. ನಿಮಗೆ ಓದಲು ಬಾರದ ಭಾಷೆಯಲ್ಲಿ, ನೀವು ಕಾಣದ ಪುಸ್ತಕದಲ್ಲಿ, ನಿಮ್ಮ ಮಗಳ ಸಾವನ್ನು ನಿಮ್ಮ ತಲೆಗೆ ಕಟ್ಟಿ ನಾನು ಡಾಕ್ಟರೇಟ್ ಪಡೆದೆ. ಆಗ ನಿಜಕ್ಕೂ ಹೆಸರಿನ ಮೊದಲು 'ಡಾಕ್ಟರ್' ಬಂತು.

ಎರಡು ವರ್ಷ ಕಳೆದ ಮೇಲೆ ನೀವು ಕಲಘಟಗಿಯಿಂದ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ನನ್ನ ಪ್ರಯೋಗಾಲಯದ ಬಾಗಿಲಿಗೆ ಬಂದಿರಿ. ಸೆರಗಿನೊಳಗೆ ಐದು ತಿಂಗಳ ಮಂಜುನಾಥ. "ಇವಗ ಯಾವಾಗಿಂದ ಬೆಲ್ಲ ಹಚ್ಚಲ್ರಿ? ಈ ಸಲ ತಡಾ ಮಾಡೂದಿಲ್ಲ" ಎಂದಿರಿ. ನೀವು ಬರದೇ ಇದ್ದಿದ್ದರೆ—ನನ್ನನ್ನು ಕೇಳದೆ ಮನೆಯಲ್ಲೇ ಕೊಟ್ಟುಬಿಟ್ಟಿದ್ದರೆ—

"ಕೊಡಬ್ಯಾಡ" ಎಂದೆ. "ಬೆಲ್ಲ, ಸಕ್ರಿ, ಜೇನತುಪ್ಪ, ಹಣ್ಣು, ಯಾವುದೂ ಬ್ಯಾಡ."

"ಆಕಿಗೆ ಕೊಡು ಅಂದಿದ್ರಲ್ರಿ?"

"ಆವಾಗ ಯಾರಿಗೂ ಗೊತ್ತಿರ್ಲಿಲ್ಲ ತಂಗೆವ್ವ. ಇದು ಈಗ ಹೊಸದಾಗಿ ಗೊತ್ತಾಗೇತಿ. ಆಕಿ ಹೋಗಿದ್ದು ಕಾಮಣಿಯಿಂದ, ಅದು ಬ್ಯಾರೆ."

ನೀವು ಅಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಿರಿ. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.

ಆಮೇಲಿನದು ನಿಮಗೆ ಗೊತ್ತು. ಮಂಜುನಾಥ ಸಿಹಿ ಮುಟ್ಟದೆ ಬೆಳೆದ. ಊರಲ್ಲೆಲ್ಲ ಅವನ ಹಲ್ಲಿನಷ್ಟು ಚಂದದ ಹಲ್ಲು ಇನ್ನೊಬ್ಬರಿಗಿಲ್ಲ ಎಂದು ನೀವೇ ಹೇಳಿ ನಗುತ್ತಿದ್ದಿರಿ. ವಂಶವಾಹಿ ಓದುವ ವಿದ್ಯೆ ಬಂದ ಕಾಲಕ್ಕೆ ನಿಮ್ಮೆಲ್ಲರ ರಕ್ತ ತೆಗೆದುಕೊಂಡು ಹೋಗಿ ನೋಡಿದೆ. ಅವನಿಗೂ ಅದೇ ದೋಷ, ತಂದೆಯಿಂದ ಒಂದು, ತಾಯಿಯಿಂದ ಒಂದು. ಅದರಿಂದಲೂ ನನಗೊಂದು ಪ್ರಬಂಧವಾಯಿತು. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ನಿಮ್ಮ ಗದ್ದೆಯ ಹೊಸ ಅಕ್ಕಿ ನನ್ನ ಮನೆಗೆ ಬರುತ್ತಿತ್ತು. ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಅನ್ನ ಚೆನ್ನಾಗಿ ಆಗುತ್ತಿತ್ತು, ಉಂಡೆ.

ನನ್ನ ನಿವೃತ್ತಿಯ ಸಮಾರಂಭಕ್ಕೆ ನೀವೂ ಮಂಜುನಾಥನೂ ಬಂದಿರಿ. ಯಾರೋ ನಿಮ್ಮನ್ನು ವೇದಿಕೆಗೆ ಕರೆದರು. ಮೈಕಿನ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, "ನನ್ನ ಮಗನ್ನ ಉಳಿಸಿದ ದೇವರ್ರಿ ಇವರು" ಎಂದಿರಿ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಕೈ ಮುಗಿದೆ, ನಕ್ಕೆ ಕೂಡ. ಊಟದ ಸಾಲಿನಲ್ಲಿ ನೀವು ನನ್ನ ಪಕ್ಕ ಬಂದು ಮೆಲ್ಲಗೆ ಅಂದಿರಿ: "ಆಕಿದು ಮಾತ್ರ ನನ್ನ ಕೈಯಾಗ ಆತ್ರಿ. ನಾ ಸೊರಗಿಸಿ ಕೊಂದೆ." ಇಷ್ಟು ವರ್ಷ! ಇಷ್ಟು ವರ್ಷ ನೀವು ಅದನ್ನು ಹೊತ್ತು ತಿರುಗಿದಿರಿ. ನಾನು ಅವತ್ತೂ ಏನೂ ಹೇಳದೆ ಎಲೆಯ ಮುಂದೆ ಕೂತೆ.

ಆ ಮೊದಲ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಬರೆದಿದ್ದೇನೆ, ಆ ವಾಕ್ಯ ಸುಳ್ಳು, ಬೆಲ್ಲ ಕೊಡಿಸಿದವನು ಸಂಶೋಧಕನೇ ಎಂದು. ಅಚ್ಚು ಹಾಕುತ್ತಾರೋ ಇಲ್ಲವೋ ತಿಳಿಯದು. ಈ ಹಾಳೆಗಳನ್ನು ಮಾತ್ರ ನಾನೇ ದುಮ್ಮವಾಡಕ್ಕೆ ತರುತ್ತೇನೆ. ಮಂಜುನಾಥ ನಿಮಗೆ ಓದಿ ಹೇಳಲಿ. ಓದಿ ಮುಗಿಯುವವರೆಗೆ ನಾನು ಎದುರಿಗೆ ಇರುತ್ತೇನೆ. ಆಮೇಲೆ ನೀವಿಬ್ಬರೂ ಏನೆಂದರೂ ಅನ್ನಿ. ಹೊಟ್ಟೆಗೆ ಹಾಕಿಕೊಳ್ಳಿ ಎಂದು ನಾನು ಕೇಳುವುದಿಲ್ಲ.

ಕಸ್ತೂರಿಯನ್ನು ನೀವು ಸೊರಗಿಸಲಿಲ್ಲ. ನೀವು ಅವಳನ್ನು ಉಳಿಸಿಯಾಗಿತ್ತು. ಇನ್ನು ಮಂಜುನಾಥ—ಅವನನ್ನು ಉಳಿಸಿದವನೂ ನಾನಲ್ಲ. ಅಕ್ಕ ಬೆಲ್ಲ ಬಿಟ್ಟು ಚೆನ್ನಾಗಿ ಬೆಳೆದದ್ದನ್ನು ಕಂಡಿರುತ್ತಿದ್ದ ನೀವು ತಮ್ಮನಿಗೂ ಅದನ್ನೇ ಮಾಡುತ್ತಿದ್ದಿರಿ, ಅದಕ್ಕೆ ಯಾವ ಬಾಟಲಿಯೂ ಯಾವ ಪುಸ್ತಕವೂ ಬೇಕಿರಲಿಲ್ಲ. ನಾನು ನಿಮ್ಮ ಮನೆಗೆ ಬರದೇ ಇದ್ದಿದ್ದರೆ, ಫಕ್ಕೀರವ್ವ, ಇವತ್ತು ನಿಮಗೆ ಇಬ್ಬರು ಮಕ್ಕಳಿರುತ್ತಿದ್ದರು.