ಕಪ್ಪಾದ ಬಟ್ಟೆ

ಹಬೆಯಿಂದ ನೆಲ ಒರೆಸುವ ಯಂತ್ರ ಮಾರುತ್ತಿದ್ದುದರಿಂದ ಅವನು ಕೆಲಸಕ್ಕಿದ್ದ ಅಂಗಡಿಯವರೆಲ್ಲ ಅವನನ್ನು ಹಬೆರಾಯ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸ್ಟೀಮ್ ಮಾಪ್, ಹೆಗಲಲ್ಲಿ ಚೀಲ, ಮಾತೇ ಬಂಡವಾಳ. ಬಾಗಿಲನ್ನು ಮುಖಕ್ಕೆ ಬಡಿದಂತೆ ಹಾಕಿಕೊಂಡರೂ ಹಲ್ಲು ಕಿರಿದು ಪಕ್ಕದ ಮನೆಯ ಗಂಟೆ ಒತ್ತುವ ಆಸಾಮಿ.

ಯಂತ್ರವೇನೂ ಸುಳ್ಳಲ್ಲ, ಅದನ್ನು ಒಪ್ಪಲೇಬೇಕು. ಸೋಪು ಬೇಡ, ಫಿನಾಯಿಲು ಬೇಡ. ನೀರು ತುಂಬಿ ಕಾಯಲು ಬಿಟ್ಟರೆ ಒಲೆಯ ಮುಂದಿನ ಜಿಡ್ಡು ಕರಗಿ ಬಟ್ಟೆಗೆ ಹತ್ತುತ್ತದೆ, ಟೈಲ್ಸಿನ ಸಂದಿಯಲ್ಲಿ ಕೂತ ಕೊಳೆ ಎದ್ದು ಬರುತ್ತದೆ. ಕಸ ಮಾತ್ರ ಮೊದಲೇ ಗುಡಿಸಿರಬೇಕು. ಮೇಣದ ಪಾಲಿಶ್ ಮಾಡಿದ ನೆಲದ ಹತ್ತಿರ ತರಬಾರದು. ಆದರೆ ಇಷ್ಟು ಹೇಳಿದರೆ ಯಾರು ಕೊಳ್ಳುತ್ತಾರೆ? ಅದಕ್ಕೇ ಹಬೆರಾಯ ಒಂದು ಆಟ ಕಲಿತಿದ್ದ. ಆಗತಾನೇ ಒರೆಸಿದ ನೆಲವನ್ನೇ ಆರಿಸಿಕೊಳ್ಳುವುದು, ಬಿಳಿ ಬಟ್ಟೆ ಸಿಕ್ಕಿಸಿ ನಿಧಾನವಾಗಿ ಎಳೆಯುವುದು, ಆಮೇಲೆ ಬಟ್ಟೆ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುವುದು. ಯಾವ ಮನೆಯಲ್ಲಾದರೂ ಬಟ್ಟೆ ಕಪ್ಪಗೇ ಬರುತ್ತಿತ್ತು. "ದಿನಾ ಒರೆಸ್ತೀರಲ್ಲ, ನೋಡಿ" ಎಂದು ಮೆಲ್ಲಗೆ ಹೇಳಿದರೆ ಸಾಕು, ಮನೆಯವರ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಅವರು ಚೌಕಾಸಿಗೂ ನಿಲ್ಲುತ್ತಿರಲಿಲ್ಲ.

ಆ ಬಟ್ಟೆಗಳನ್ನು ಸಂಜೆ ಒಗೆಯುವವಳು ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸಾಕಿ, ಓದಿಸಿ, ಇಸ್ತ್ರಿ ಅಂಗಿ ತೊಡುವ ಹಾಗೆ ಮಾಡಿದವಳೂ ಅವಳೇ. ಹೇಗೆ ಅಂತೀರಾ? ಕಂಡವರ ಮನೆ ನೆಲ ಒರೆಸಿ. ಈಗಲೂ ಒರೆಸುತ್ತಾಳೆ. ಯಾವ ಬೀದಿ, ಯಾವ ಮನೆ ಎಂದು ಈ ಮಹಾಶಯ ಒಂದು ದಿನವಾದರೂ ಕೇಳಿದವನಲ್ಲ. ಅಂಗಡಿಯಲ್ಲಿ ಯಾರಾದರೂ ವಿಚಾರಿಸಿದರೆ "ಅಕ್ಕ ಮನೇಲೇ ಇರ್ತಾಳೆ" ಎಂದು ಮಾತು ತೇಲಿಸುತ್ತಿದ್ದ.

ಒಮ್ಮೆ ನಲ್ಲಿಯ ಕೆಳಗೆ ಬಟ್ಟೆ ಹಿಂಡುತ್ತಾ ಅಕ್ಕ ಕೇಳಿದ್ದಳು. "ಎಲ್ಲರ ಮನೇದೂ ಇಷ್ಟೇ ಕಪ್ಪಗಿದೆಯಲ್ಲೋ. ಒಬ್ಬರದಾದ್ರೂ ಬೆಳ್ಳಗೆ ಬರಬಾರ್ದಾ?"

"ಬರಲ್ಲ ಅಕ್ಕ. ಕೈಯಲ್ಲಿ ಎಷ್ಟು ತಿಕ್ಕಿದ್ರೂ ಸಂದೀಲಿ ಉಳಿದೇ ಇರುತ್ತೆ. ಒರೆಸೋರ ತಪ್ಪಲ್ಲ ಅದು."

"ಅದನ್ನ ಅವರಿಗೆ ಹೇಳ್ತೀಯಾ?"

"ಹೇಳಿದ್ರೆ ನನ್ನ ಯಂತ್ರ ಯಾರು ತಗೋತಾರೆ?"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಒಂದು ಬೆಳಿಗ್ಗೆ ಮೂರನೇ ಮಹಡಿಯ ಮನೆಯೊಂದರಲ್ಲಿ ಹಬೆರಾಯ ಆಟ ಹೂಡಿದ. ಮನೆಯೊಡತಿ ಪಕ್ಕದ ಮನೆಯಾಕೆಯನ್ನೂ ಕರೆದು ಕೂರಿಸಿಕೊಂಡಿದ್ದಳು. ನೆಲ ಆಗಷ್ಟೇ ಒರೆಸಿದೆ ಎಂದು ಕೇಳಿ ಇವನಿಗೆ ಒಳಗೊಳಗೇ ಖುಷಿ. ಯಂತ್ರಕ್ಕೆ ನೀರು ಕೇಳಿದ. ಒಡತಿ ಅಡುಗೆಮನೆಯ ಕಡೆ ಕೂಗಿದಳು. ಜಗ್ಗಿನಲ್ಲಿ ನೀರು ಹಿಡಿದು ಹೊರಗೆ ಬಂದವಳು ಅಕ್ಕ.

ಅಕ್ಕ ನಿಂತಲ್ಲೇ ನಿಂತು ಅವನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಜಗ್ಗನ್ನು ಮುಂದೆ ಚಾಚಿದಳು.

"ತಗೊಳ್ಳಿ ಸರ್."

ಅಕ್ಕ ಅನ್ನಲು ಎಷ್ಟು ಹೊತ್ತು ಬೇಕು? ಅವನು ನೀರು ಹುಯ್ದ, ಬಟ್ಟೆ ಸಿಕ್ಕಿಸಿದ, ಎಳೆದ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ರೂಢಿಯಾದ ಕೈ, ಬಟ್ಟೆ ಬಿಚ್ಚಿ ಎತ್ತಿ ಹಿಡಿದೇಬಿಟ್ಟಿತು.

"ಇದೇನಾ ನೀನು ಒರೆಸಿದ್ದು?" ಒಡತಿ ಅಕ್ಕನ ಕಡೆ ತಿರುಗಿದಳು. "ನೀರು ಸವರಿ ಹೋಗ್ತಿದ್ದೆ ಅನ್ನು."

"ಎರಡು ಸಲ ಒರೆಸಿದ್ದೀನಮ್ಮಾ."

"ಹಾಗಾದ್ರೆ ಈ ಬಟ್ಟೆ ಸುಳ್ಳಾ? ನೀವೇ ಹೇಳಿಪ್ಪಾ, ಇವಳು ಸರಿಯಾಗಿ ಒರೆಸಿದ್ರೆ ಹೀಗೆ ಬರುತ್ತಾ?"

ಕೇಳಿದ್ದು ಅವನನ್ನೇ. ಉತ್ತರ ಅವನಿಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಅವನು ಬಗ್ಗಿ ಯಂತ್ರದ ವೈರು ಸುತ್ತತೊಡಗಿದ.

"ಯಂತ್ರ ಸುಳ್ಳು ಹೇಳಲ್ಲ ಮೇಡಂ."

ಯಂತ್ರ ಮಾರಾಟವಾಯಿತು. ಇನ್ನು ಮೇಲೆ ಬರುವುದು ಬೇಡ ಎಂದು ಅಕ್ಕನಿಗೆ ಅಲ್ಲೇ ಹೇಳಿದ್ದೂ ಆಯಿತು. ಅವಳು ಜಗ್ಗನ್ನು ತೊಳೆದು ಅದರ ಜಾಗದಲ್ಲಿಟ್ಟು ಹೋದಳು.

ಸಂಜೆ ಅವನು ಮನೆಗೆ ಬಂದಾಗ ಅಕ್ಕ ಎಂದಿನ ಹಾಗೆ ನಲ್ಲಿಯ ಹತ್ತಿರ ಕೂತು ಕೈ ಚಾಚಿದಳು. ಅವನು ಚೀಲವನ್ನು ಹಿಂದಕ್ಕೆ ಸರಿಸಿದ. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ಕೊಡೋ, ಒಣಗಿದ್ರೆ ಕಲೆ ಹೋಗಲ್ಲ."

ಕೊಟ್ಟ. ಅವಳು ಸೋಪು ಹಚ್ಚಿ ತಿಕ್ಕತೊಡಗಿದಳು.

"ಅಕ್ಕ, ಬಟ್ಟೆ ಎಲ್ಲರ ಮನೇಲೂ ಹೀಗೇ ಬರುತ್ತೆ ಅಂತ ನೀನಾದ್ರೂ ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಗೆ ಗೊತ್ತು ಅಂತ ಕೇಳ್ತಿದ್ರು. ಆಗ ನನ್ನ ತಮ್ಮ ಅನ್ನಬೇಕಾಗ್ತಿತ್ತು. ನಿನ್ನ ಮುಖ ನೋಡಿದ್ನಲ್ಲ, ಅದಕ್ಕೇ ನೀನು ಹೆದರಿ ಬಿಳುಚಿಕೊಂಡಿದ್ದೆ."

"ನಾಳೆ ಹೋಗಿ ಹೇಳಿಬರ್ತೀನಿ."

"ಯಾವುದನ್ನ? ಯಂತ್ರದ ಗುಟ್ಟನ್ನೋ, ನಾನು ಯಾರು ಅನ್ನೋದನ್ನೋ?"

ಅಕ್ಕ ಬಟ್ಟೆಯನ್ನು ಹಿಂಡಿ, ಕೊಡವಿ, ಬೆಳಕಿಗೆ ಹಿಡಿದು ನೋಡಿದಳು. ಬೆಳ್ಳಗಾಗಿತ್ತು.

"ನಿಜವಾಗ್ಲೂ ಎರಡು ಸಲ ಒರೆಸಿದ್ದೆ ಕಣೋ" ಎಂದಳು. "ನೀನಾದ್ರೂ ನಂಬ್ತೀಯಲ್ಲ?"

"ನಂಬ್ತೀನಿ ಅಕ್ಕ" ಎಂದ. ಬೆಳಿಗ್ಗೆ ಆಡಬೇಕಾಗಿದ್ದ ಮಾತು ಅದು. ಈಗ ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಅವಳೊಬ್ಬಳೇ ಇದ್ದಳು.