ದೊಡ್ಡವ್ವನ ಗಿಳಿ ಮತ್ತು ಔರಾದಿನ ಬೀಗತಿ

ನಮ್ಮ ಕಡೆ ಸತ್ತವರ ಆಸ್ತಿಯನ್ನು ವಕೀಲರಿಗಿಂತ ಮೊದಲು ಕಾಗೆ ಹಂಚುತ್ತದೆ. ದೊಡ್ಡವ್ವ ತೀರಿಕೊಂಡ ಮೂರನೆಯ ದಿನ, ಭಾಲ್ಕಿಯ ಅವಳ ಮನೆಯಲ್ಲಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಹಿತ್ತಲ ಗೋಡೆಯ ಮೇಲೆ ಎಡೆ ಇಟ್ಟೆವು. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಕಾಗೆ ಬಂದಿತು, ಬೇವಿನ ಟೊಂಗೆಯ ಮೇಲೆ ಕೂತಿತು, ನಮ್ಮನ್ನೆಲ್ಲ ಸಾವಕಾಶ ನೋಡಿತು, ಕೆಳಗೆ ಮಾತ್ರ ಇಳಿಯಲಿಲ್ಲ. ಇಳಿಯದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದು ಏನೆಂದು ಊಹಿಸಿ, ನಾವು ಪೂರೈಸುತ್ತೇವೆ ಅಂತ ಕಾಗೆಗೆ ಕೇಳುವ ಹಾಗೆ ಮಾತು ಕೊಡಬೇಕು.

ಮಾತು ಕೊಡುವುದರಲ್ಲಿ ನಮ್ಮ ಬಳಗ ಎಂದೂ ಹಿಂದೆ ಬಿದ್ದಿಲ್ಲ. "ಯವ್ವಾ, ಮನಿಗಿ ಸುಣ್ಣ ಹಚ್ಚಿಸ್ತೇನಿ" ಅಂದ ದೊಡ್ಡವ್ವನ ಮಗ, ನನಗೆ ಅಣ್ಣ. ಕಾಗೆ ನಂಬಲಿಲ್ಲ. ಬದುಕಿದ್ದಾಗ ದೊಡ್ಡವ್ವನೂ ನಂಬಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, "ದಿನಾ ಎರಡೂ ಹೊತ್ತು ದೀಪಾ ಹಚ್ಚತೇನ್ರಿ" ಅಂದಳು. ಕಾಗೆ ಟೊಂಗೆಗೆ ಕೊಕ್ಕು ಉಜ್ಜಿಕೊಂಡಿತು. "ಔರಾದ ಬೀಗತಿ ಜೋಡಿ ಮಾತು ಬಿಟ್ಟಿದ್ದು ಮನಸ್ಸಿನ್ಯಾಗ ಉಳದಾದೇನೋ" ಅಂತ ಹಿರಿಯರೊಬ್ಬರು ಗೊಣಗಿದರು. ಔರಾದ ಬೀಗತಿ ಅಂದರೆ ನನ್ನ ಅತ್ತೆ, ಗಂಡನ ತಾಯಿ. ಅವರು ಮಣ್ಣಿಗೂ ಬಂದಿರಲಿಲ್ಲ, ಮೊಣಕಾಲು ನೋವೆಂದು ಹೇಳಿ ಕಳಿಸಿದ್ದರು. ಹೀಗಾಗಿ ಆ ಮಾತು ಕೊಡಬೇಕಾದವರು ಅಲ್ಲಿ ಇರಲೇ ಇಲ್ಲ.

ಹೊತ್ತು ನೆತ್ತಿಗೆ ಬಂದಿತ್ತು, ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. "ದೊಡ್ಡವ್ವಾ, ನಿನ್ನ ಗಿಣಿ ನಾ ನೋಡ್ಕೋತೇನಿ!" ಎಂದು ಒದರಿಬಿಟ್ಟೆ. ಬಾಯಿ ಮುಚ್ಚುವುದರೊಳಗೆ ಕಾಗೆ ಇಳಿದು ಹೋಳಿಗೆಗೆ ಕೊಕ್ಕು ಹಾಕಿತು. ಆಗ ವೈನಿಯ ಮುಖದ ಮೇಲೆ ಕಂಡ ಸಂತೋಷ ಅವಳ ಮದುವೆಯ ಫೋಟೊದಲ್ಲೂ ಇಲ್ಲ. ನಾವು ಉಂಡು ಏಳುವ ಮೊದಲೇ ಪಂಜರ ತೊಳೆದು, ಒರೆಸಿ, ಬಾಗಿಲಿಗೆ ತಂದಿಟ್ಟಿದ್ದಳು.

ಪಾಪ, ಅವಳದೇನೂ ತಪ್ಪಿಲ್ಲ. ಗಿಳಿ ಮಾತಾಡುವುದು ಥೇಟ್ ದೊಡ್ಡವ್ವನ ಧ್ವನಿಯಲ್ಲಿ. ಅತ್ತೆ ಹೋದ ಮೇಲೂ ಅತ್ತೆಯ ಹುಕುಂ ನಡೆಯಬೇಕೆಂದರೆ ಯಾವ ಸೊಸೆ ತಡೆದುಕೊಂಡಾಳು?

ಬೀದರಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲಲ್ಲಿ ನೆರಳು ಕಂಡರೆ ಸಾಕು, "ಯಾರು ಬಂದಾರ? ಬರ್ರಿ, ಕೂಡ್ರಿ, ಚಾ ಕುಡೀರಿ!" ಎಂದು ಗಿಳಿ ಕೂಗುತ್ತಿತ್ತು. ಕರೆಂಟ್ ಮೀಟರ್ ನೋಡಲು ಬಂದವನು ಕೂತ. ಕೊರಿಯರಿನವನು ಕೂತ. ಮನೆ ತಪ್ಪಿ ಬಂದವರೊಬ್ಬರು, ಮನೆ ತಪ್ಪಿದೆ ಎಂದು ಗೊತ್ತಾದ ಮೇಲೂ ಕೂತರು. ಕರೆದದ್ದು ಗಿಳಿ, ನಾನಲ್ಲ ಅಂತ ಯಾರಿಗೆ ಹೇಳಲಿ? ತಿಂಗಳು ಮುಗಿಯುವ ಮೊದಲೇ ಚಹಾಪುಡಿ ಮುಗಿಯಿತು. ನನ್ನ ಗಂಡ ಮಾತ್ರ, "ಮನಿಗಿ ಕಳೆ ಬಂತು ನೋಡು" ಎಂದು ಪೇಪರು ಓದುತ್ತ ಕೂತಿರುತ್ತಿದ್ದರು. ಚಹಾ ಮಾಡುವವರು ಅವರಲ್ಲವಲ್ಲ!

ಅದನ್ನಾದರೂ ಸಹಿಸಿದೆ. ಬೆಳಗು ಸಹಿಸಲು ಆಗಲಿಲ್ಲ. "ಏಳವ್ವಾ, ಹೊತ್ತು ಏರ್ಯಾದ" ಎಂದು ಅದು ಎಬ್ಬಿಸುತ್ತಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿ, ಓದಿಸಿ, ಮದುವೆ ಮಾಡಿದವಳು ದೊಡ್ಡವ್ವ. ಚಿಕ್ಕಂದಿನಲ್ಲಿ ನನ್ನನ್ನು ಎಬ್ಬಿಸಿದ್ದು ಇದೇ ಮಾತು, ಇದೇ ಧ್ವನಿ. ನಿದ್ದೆಗಣ್ಣಲ್ಲಿ "ಎದ್ದೆ ದೊಡ್ಡವ್ವಾ" ಅನ್ನುತ್ತಿದ್ದೆ. ಕಾಲು ನೆಲಕ್ಕೆ ತಾಗಿದ ಮೇಲೆ, ಅವಳು ಇಲ್ಲವೆಂದು ನೆನಪಾಗುತ್ತಿತ್ತು. ನನ್ನ ಪಾಲಿಗೆ ಅವಳು ದಿನಾ ಬೆಳಿಗ್ಗೆ ಹೊಸದಾಗಿ ಸಾಯುತ್ತಿದ್ದಳು. "ಇದಕ್ಕೊಂದು ಛಲೋ ಮನಿ ಹುಡುಕ್ರಿ, ಇಲ್ಲಂದ್ರ ನನಗ ಹುಚ್ಚು ಹಿಡೀತದ" ಎಂದು ಗಂಡನಿಗೆ ಹೇಳಿದೆ. ಎಲ್ಲಿಯಾದರೂ ಬಿಸಾಕುವಂತಿರಲಿಲ್ಲ. ಬಳಗದ ಎದುರು ಮಾತು ಕೊಟ್ಟಿದ್ದೆ.

ಪಕ್ಕದ ಮನೆಯ ನಿವೃತ್ತ ಸಾಹೇಬರು ಮೊದಲ ಸಲಹೆ ಕೊಟ್ಟರು. ನಾವು ಕೇಳಿರಲಿಲ್ಲ. "ಗಿಣಿ ಸಾಕೋದು ಕಾಯ್ದೆ ಪ್ರಕಾರ ಗುನ್ಹೆ ಅದ್ರಿ. ಅಷ್ಟೂರಿಗಿ ಒಯ್ದು ಬಿಡ್ರಿ. ಗುಂಬಜ್ ತುಂಬ ಗಿಣಿ ಅವ, ಅದರ ಬಳಗ ಅದಕ್ಕ ಸಿಗ್ತದ." ಹಾಗಾದರೆ ನೀವೇ ಒಯ್ಯಿರಿ ಅಂದೆ. ತಕ್ಷಣ ಅವರಿಗೆ ಬಿಪಿ ಗುಳಿಗೆಯ ನೆನಪಾಯಿತು.

ಒಂದು ಭಾನುವಾರ ನಾವೇ ಒಯ್ದೆವು. ಪಂಜರದ ಬಾಗಿಲು ತೆರೆದೆವು. ಬಹಮನಿ ಸುಲ್ತಾನರ ಗುಂಬಜಿನ ಕಿಂಡಿಗಳಿಂದ ಕಾಡು ಗಿಳಿಗಳು ಕಿರುಚುತ್ತ ಹಾರಿದವು. ನಮ್ಮದು ಹೊರಗೆ ಬಂದು ಎರಡು ಹೆಜ್ಜೆ ನಡೆಯಿತು, ಹಾರಲು ಬಾರದ ರೆಕ್ಕೆಯನ್ನು ಒಮ್ಮೆ ಬಿಚ್ಚಿತು, ಬಳಗವನ್ನು ತಲೆ ಎತ್ತಿ ನೋಡಿತು. "ಬರ್ರಿ, ಕೂಡ್ರಿ, ಚಾ ಕುಡೀರಿ!" ಎಂದಿತು. ಬಳಗದವರು ಯಾರೂ ಬರಲಿಲ್ಲ. ಅದು ತಿರುಗಿ ಪಂಜರದೊಳಗೆ ನಡೆದು ಮೂಲೆಗೆ ಅಂಟಿಕೊಂಡಿತು. ನಾಯಿಯೊಂದು ಅದನ್ನೇ ನೋಡುತ್ತ ನಿಂತಿತ್ತು. ಮನೆಗೆ ಬರುವವರೆಗೂ ಗಿಳಿ ನಡುಗುತ್ತಿತ್ತು, ನಾನು ಪಂಜರ ತಬ್ಬಿಕೊಂಡೇ ಕೂತಿದ್ದೆ.

ಆಗ ಗಂಡನಿಗೆ ಔರಾದ ನೆನಪಾಯಿತು. ನನ್ನ ಅತ್ತೆ ಅಲ್ಲಿ ಮೈದುನನ ಸಂಸಾರದ ಜೊತೆ ಇದ್ದಾರೆ. "ಎಲ್ಲಾರೂ ಮೊಬೈಲಿನ್ಯಾಗ ಮಾರಿ ಇಟ್ಟಾರ, ಮಾತಾಡೋರೇ ಇಲ್ಲ" ಎಂಬುದು ಅವರ ನಿತ್ಯದ ದೂರು. ಆದರೆ ದೊಡ್ಡವ್ವನ ಮನೆಯಿಂದ ಒಂದು ಸೂಜಿಯನ್ನೂ ಅವರು ಮುಟ್ಟುವವರಲ್ಲ. ಕಾರಣ, ನನ್ನ ಮದುವೆಯ ಆಯೇರಿ ಸೀರೆ. ಬೀಗರು ಬೀಗರಿಗೆ ಉಡುಗೊರೆ ಬಟ್ಟೆ ಕೊಡುವ ಹೊತ್ತಿಗೆ, ಇವರು ಕೊಟ್ಟ ಸೀರೆಯನ್ನು ದೊಡ್ಡವ್ವ ಬಿಡಿಸಿ, ಇಡೀ ಹಂದರಕ್ಕೆ ತೋರಿಸಿ, "ಇದು ಉಡಲಿಕ್ಕಿ ಕೊಟ್ಟಾರೋ, ಹಾಸಲಿಕ್ಕಿ ಕೊಟ್ಟಾರೋ?" ಎಂದಿದ್ದಳು. ಅಂದಿನಿಂದ ಮಾತು ಬಂದ್. ನಾನು ನಡುವಿನ ಟಪಾಲು ಕಚೇರಿ. "ಆಕಿ ಮೊದಲ ಮಾತಾಡಸಲಿ" ಎಂದು ಇವರು. "ಆಕೀನೇ ಮೊದಲ ಮಾತಾಡಸಲಿ" ಎಂದು ಅವಳು. ಕಡೆಗೆ ಒಬ್ಬಳು ಮಣ್ಣು ಸೇರಿದಳು. ಇನ್ನೊಬ್ಬರು ಇನ್ನೂ ಸೆಟೆದುಕೊಂಡೇ ಇದ್ದರು.

ಹಾಗಾಗಿ, ನೆರೆಮನೆಯವರು ಊರು ಬಿಟ್ಟು ಹೋಗುವಾಗ ಕೊಟ್ಟ ಗಿಳಿ ಎಂದು ಸುಳ್ಳು ಕಟ್ಟಿಕೊಂಡು ಔರಾದಿನ ಬಸ್ಸು ಹತ್ತಿದೆ. ಪಂಜರಕ್ಕೆ ಹಳೆಯ ಟವೆಲ್ ಹೊದಿಸಿದ್ದರಿಂದ ಗಿಳಿ ದಾರಿಯುದ್ದಕ್ಕೂ ತೆಪ್ಪಗಿತ್ತು. ಎಂಥ ಜಾಣೆ ನಾನು! ಗಿಳಿಯ ಹುಟ್ಟು, ಮನೆ, ಮಾಲೀಕರು ಎಲ್ಲ ಬದಲಾಯಿಸಿದ್ದೆ. ಧ್ವನಿಯ ವಿಚಾರ ಮಾತ್ರ ತಲೆಗೆ ಹೊಳೆದಿರಲೇ ಇಲ್ಲ.

ಅತ್ತೆ ಖುಷಿಯಿಂದ ಟವೆಲ್ ಎತ್ತಿದರು.

"ಯಾರು ಬಂದಾರ? ಬರ್ರಿ, ಕೂಡ್ರಿ, ಚಾ ಕುಡೀರಿ!"

ಅತ್ತೆಯ ಕೈ ತಾನೇ ಮೇಲೆ ಹೋಗಿ ತಲೆಯ ಮೇಲೆ ಸೆರಗು ಎಳೆದುಕೊಂಡಿತು. ಬೀಗತಿಯ ಎದುರು ಬರಿದಲೆಯಲ್ಲಿ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. "ನೆರೆಮನಿಯವ್ರು..." ಎಂದು ಶುರು ಮಾಡಿದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಈಗ ಪಂಜರ ಅಂಗಳಕ್ಕೆ ಬಿತ್ತು, ಅದರ ಹಿಂದೆಯೇ ನಾನೂ ಬಿದ್ದೆ ಅಂದುಕೊಂಡೆ. ಅವರು ಮೆಲ್ಲಗೆ ಪಂಜರದ ಎದುರು ನೆಲದ ಮೇಲೆ ಕೂತರು.

"ಕೂತೇನ್ರಿ, ಬೀಗ್ರ" ಅಂದರು.

ಗಿಳಿ ತಲೆ ವಾರೆ ಮಾಡಿ ನೋಡಿತು.

"ಆ ಸೀರಿ ನಾ ಆರಿಸಿದ್ದಲ್ರಿ. ನಮ್ಮ ಮನಿಯವ್ರು ತಂದಿದ್ರು. ನನಗೂ ಸೇರಿದ್ದಿಲ್ಲ. ಇಷ್ಟ ಮಾತು ಹೇಳಬೇಕಂತ ಎಷ್ಟ ಸಲ ಫೋನ್ ಹಿಡದೇನೋ. ಮಣ್ಣಿನ ದಿವಸ ಸೀರಿ ಉಟ್ಕೊಂಡು ತಯಾರಾಗಿ ಇದೇ ಬಾಗಲಾಗ ಕೂತಿದ್ದೆ. ಯಾವ ಮಾರಿ ಹೊತ್ಗೊಂಡು ಬರ್ಲಿರಿ? ನೀವು ಮೊದಲ ಮಾತಾಡಸಲಿ ಅಂತ ಕೂತೆ, ಕೂತೇ ಬಿಟ್ಟೆ."

ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಿಳಿ ಮತ್ತೆ "ಚಾ ಕುಡೀರಿ" ಅಂದಿತು. "ಕುಡೀತೇನ್ರಿ, ಯಾಕ ಕುಡಿಯಂಗಿಲ್ಲ" ಎಂದು ಅತ್ತೆ ಒಳಗಿನ ಸೊಸೆಗೆ ಚಹಾ ಇಡಲು ಕೂಗಿದರು. ಅಷ್ಟರಲ್ಲಿ ನಾನೂ ಅಳುತ್ತಿದ್ದೆ. ಹತ್ತಿರ ಹೋಗಿ ಕೂತುಕೊಳ್ಳೋಣವೆಂದು ಒಂದು ಹೆಜ್ಜೆ ಇಟ್ಟೆ.

"ನಿನ್ನ ಸುಳ್ಳಿಂದು ಆಮ್ಯಾಗ ನೋಡ್ತೇನಿ. ಈಗ ಹೊರಗ ಹೋಗವ್ವ. ನಮ್ಮಿಬ್ರದು ಭಾಳ ಮಾತು ಉಳದಾದ."

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಅತ್ತೆಯ ಧ್ವನಿ ಬರುತ್ತಿತ್ತು, ನಡುನಡುವೆ ದೊಡ್ಡವ್ವನ ಧ್ವನಿ. ನನ್ನ ಮದುವೆಯಾದ ಮೇಲೆ ಅವರಿಬ್ಬರೂ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.